ಡಬ್ಬಿ ಮೇಲೆ ಬೋರ್ನ್‌ವಿಟಾ, ಒಳಗೆ ಸಾರಿನಪುಡಿ

ನಮ್ಮಲ್ಲಿ ಯಾರ ಅಡುಗೆಮನೆಗೆ ಹೋದ್ರೂ ಬೋರ್ನ್‌ವಿಟಾ ಡಬ್ಬಿಯಲ್ಲಿ ಸಾರಿನಪುಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಕಡಲೆಬೇಳೆ, ಐಸ್‌ಕ್ರೀಮ್ ಡಬ್ಬದಲ್ಲಿ ಹುಣಸೆಹಣ್ಣು ಇದ್ದೇ ಇರುತ್ತೆ. ಯಾವುದರಲ್ಲಿ ಏನಿದೆ ಅನ್ನೋದು ಜೋಡಿಸಿದವಳಿಗೆ ಮಾತ್ರ ಗೊತ್ತು. ಅವಳು ನಾಲ್ಕು ದಿನ ತವರಿಗೆ ಹೋದ್ರೆ ಫೋನ್ ಮೇಲೆ ಫೋನು, ‘ಮೆಂತ್ಯ ಎಲ್ಲಿಟ್ಟಿದ್ದೀಯ’ ಅಂತ. ಮನೆ ಕಾಗದಪತ್ರಗಳ ವಿಷಯದಲ್ಲಿ ಇದೇ ಕಥೆ ಉಲ್ಟಾ ಆಗಿದೆ ನೋಡಿ. ಅಲ್ಲಿ ಜೋಡಿಸೋರು ಗಂಡಸರು, ಹುಡುಕಬೇಕಾಗಿ ಬರೋದು ನಮಗೆ. ಡಬ್ಬಿಯಾದ್ರೆ ಮುಚ್ಚಳ ತೆಗೆದು ಮೂಸಿ ನೋಡಬಹುದು. ಪಿಡಿಎಫ್‌ಗೆ ವಾಸನೆ ಇಲ್ಲ.

ಹೋದ ಆಷಾಢದಲ್ಲಿ, ಹೇಗೂ ಮದುವೆ ಮುಂಜಿ ಇರಲ್ಲ ಅಂತ, ನಮ್ಮ ಮನೆಯವರ ಹಳೇ ಲ್ಯಾಪ್‌ಟಾಪು, ಅವರ ಫೋನು, ನನ್ನ ಫೋನು ಮೂರರಲ್ಲೂ ಇದ್ದ ಪಿಡಿಎಫ್‌ಗಳನ್ನ ಒಂದು ಕಡೆ ಸುರಿದುಕೊಂಡು ಕೂತೆ. ಒಟ್ಟು 412. ‘ರಿಸೀಟ್’, ‘ರಿಸೀಟ್ 1’, ‘ರಿಸೀಟ್ 7’, ‘ಪ್ರಿಂಟ್’, ‘ಸ್ಕ್ಯಾನ್0003’, ‘ಫೈನಲ್’, ‘ಫೈನಲ್ ಹೊಸದು’. ವಾಟ್ಸಾಪಲ್ಲಿ ಬಂದಿದ್ದೆಲ್ಲ ‘ಡಾಕ್’ ಅಂತ ಶುರುವಾಗಿ, ಒಂದು ತಾರೀಖು, ಆಮೇಲೆ ‘ಡಬ್ಲ್ಯೂಎ’ ಅಂತ ಒಂದು ನಂಬರು. ಆ ತಾರೀಖು ನೋಡಿ ಮೋಸ ಹೋಗಬೇಡಿ. ಅದು ನಿಮಗೆ ಕಾಗದ ಬಂದು ಸೇರಿದ ದಿನ, ಕಾಗದದ ದಿನ ಅಲ್ಲ. ನಾದಿನಿ ಮೂರು ವರ್ಷದ ಹಿಂದಿನ ಕಾಗದವನ್ನ ಇವತ್ತು ಕಳಿಸಿದ್ರೆ ಅದರ ಮೇಲೆ ಇವತ್ತಿನ ತಾರೀಖೇ ಬಿದ್ದಿರುತ್ತೆ.

ಕಾರಣ ಇತ್ತು ಅನ್ನಿ. 2024ರ ಅಕ್ಟೋಬರಲ್ಲಿ ಬಿಬಿಎಂಪಿಯವರು ಇ-ಖಾತಾ ಆನ್‌ಲೈನಲ್ಲಿ ಬಿಟ್ಟಾಗಿನಿಂದ ನಮ್ಮ ತಿಲಕ್ ನಗರದಲ್ಲಿ ತರಕಾರಿ ಗಾಡಿ ಹತ್ರ ನಿಂತ್ರೂ ಅದೇ ಮಾತು. ತೆರಿಗೆ ರಸೀದಿ ನಂಬರು ಬೇಕು, ಕ್ರಯಪತ್ರದ ನಂಬರು ಬೇಕು, ಋಣಭಾರ ಪತ್ರ, ಅದೇ ಇಸಿ, 2004ರ ಏಪ್ರಿಲ್ 1ರಿಂದ ಈಚಿನದು ಬೇಕು, ಬೆಸ್ಕಾಂ ನಂಬರು, ಆಧಾರು, ಮನೆ ಫೋಟೋ. ಎಲ್ಲಾ ಇದೆ ಅಂತ ನಮ್ಮ ಮನೆಯವರು ಹೇಳೋರು. ಇತ್ತು, ಸುಳ್ಳಲ್ಲ. 412ರ ಒಳಗೆಲ್ಲೋ ಇತ್ತು.

ಇದನ್ನ ಕೇಳಿ ನಮ್ಮ ಅಕ್ಕನ ಮಗ ನಕ್ಕ. ಅವನದು ಕಂಪ್ಯೂಟರ್ ಕೆಲಸ. ‘ಚಿಕ್ಕಮ್ಮ, ಒಂದೊಂದೇ ಯಾಕೆ? ಒಳಗಿರೋದನ್ನ ಓದಿ ತಾನೇ ಹೆಸರಿಡೋ ಪ್ರೋಗ್ರಾಮ್ ಇರುತ್ತೆ’ ಅಂದ. ಸರಿ, ಎಲ್ಲದರದ್ದೂ ಒಂದೊಂದು ನಕಲು ಮಾಡಿಟ್ಟು, ಒಂದು ಭಾನುವಾರ ಅವನದೇ ಲ್ಯಾಪ್‌ಟಾಪಲ್ಲಿ ಓಡಿಸಿದ. ಫಲಿತಾಂಶ ನೋಡಬೇಕಿತ್ತು ನೀವು. ಅದು ಮೊದಲ ಸಾಲು ಓದಿ ಹೆಸರಿಡುತ್ತೆ. ಕರೆಂಟ್ ಬಿಲ್ಲಿನ ಮೊದಲ ಸಾಲು ಯಾವಾಗಲೂ ಕಂಪನಿ ಹೆಸರೇ ಅಲ್ವಾ? ಐವತ್ತು ಬಿಲ್ಲಿಗೂ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ ಅಂತ ಒಂದೇ ಹೆಸರು, ಕೊನೆಗೆ ಒಂದು ಎರಡು ಮೂರು ಅಂತ ನಂಬರು. ಸ್ಕ್ಯಾನ್ ಮಾಡಿಸಿದ ಕಾಗದಗಳಿಗೆ ಹೆಸರೇ ಬರಲಿಲ್ಲ, ಯಾಕಂದ್ರೆ ಅದರೊಳಗೆ ಅಕ್ಷರ ಇಲ್ಲ, ಅಕ್ಷರದ ಫೋಟೋ ಇದೆ ಅಷ್ಟೇ. ಇನ್ನು ಕನ್ನಡದಲ್ಲಿ ಟೈಪಾದ ಹಳೇ ಸರ್ಕಾರಿ ಕಾಗದಗಳು. ಕಣ್ಣಿಗೆ ಮುತ್ತಿನಂಥ ಕನ್ನಡ. ಪ್ರೋಗ್ರಾಮ್ ಓದಿದ್ರೆ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಪ್ರಶ್ನೆ ಚಿಹ್ನೆ ಕಲಸಿದ ಚಿತ್ರಾನ್ನ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಹಾಗೇ ಅಂತೆ. ಒಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿರ್ತಾರೆ. ಯೂನಿಕೋಡ್ ಕನ್ನಡ ಆದ್ರೆ ಮಾತ್ರ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತಾಗೋದು. ಪಿಡಿಎಫ್ ಒಳಗೇ ಶೀರ್ಷಿಕೆ ಅಂತ ಇನ್ನೊಂದು ಗುಟ್ಟಿನ ಜಾಗ ಇರುತ್ತೆ. ಅಲ್ಲಿ ನೋಡಿದ್ರೆ ಟೈಪ್ ಮಾಡಿದವರು ಯಾವುದೋ ಹಳೇ ಕಾಗದದಿಂದ ಎತ್ತಿಕೊಂಡ ಇನ್ಯಾರದೋ ಬಾಡಿಗೆ ಕರಾರಿನ ಹೆಸರು!

ಫೋಟೋದಿಂದ ಅಕ್ಷರ ಎತ್ತೋ ಉಪಾಯ ಇದೆ, ಇಲ್ಲ ಅಂತಲ್ಲ. ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಲ್ಲಿ ತೆಗೆದ್ರೆ ಸ್ಕ್ಯಾನ್ ಮಾಡಿದ ಕನ್ನಡವನ್ನೂ ಓದಿ ಬರೆದುಕೊಡುತ್ತೆ, ಅಚ್ಚಾಗಿದ್ದು ಸ್ವಚ್ಛವಾಗಿದ್ರೆ ಚೆನ್ನಾಗೇ ಓದುತ್ತೆ. ಆದ್ರೆ ‘ಉಚಿತವಾಗಿ ಹೆಸರಿಟ್ಟುಕೊಡ್ತೀವಿ’ ಅನ್ನೋ ಗುರುತಿಲ್ಲದ ವೆಬ್‌ಸೈಟಿಗೆ ಆಧಾರು, ಕ್ರಯಪತ್ರ ಏರಿಸಬೇಡಿ ಮಾರಾಯ್ತೀರಾ. ಬೀರುವಿನ ಕೀಲಿಯನ್ನ ಬೀದಿಯಲ್ಲಿ ಹೋಗೋರ ಕೈಗೆ ಕೊಟ್ಟಂಗೆ.

ಕೊನೆಗೆ ಕೈಯಿಂದಲೇ ಮಾಡಿದೆ. ದಿನಕ್ಕೆ ಹದಿನೈದು, ಇಪ್ಪತ್ತು. ಕುಕ್ಕರ್ ಕೂಗೋ ಹೊತ್ತಲ್ಲಿ ಎರಡು ಆಗುತ್ತೆ. ಗೌರಿ ಹಬ್ಬದ ಹೊತ್ತಿಗೆ ಮುಗೀತು.

ನಾನು ಇಟ್ಟುಕೊಂಡ ಪದ್ಧತಿ ಹೀಗೆ: ಮೊದಲು ತಾರೀಖು, ಆಮೇಲೆ ಯಾರದು, ಆಮೇಲೆ ಏನು, ಕೊನೆಗೆ ಒಂದು ನಂಬರೋ ಒಂದು ಮುಖ್ಯ ಅಂಶವೋ. ತಾರೀಖಿನಲ್ಲಿ ವರ್ಷ ಮುಂದೆ, ತಿಂಗಳು, ದಿನ. 2024-06-11 ಅಂತ. ನಮ್ಮ ಅಭ್ಯಾಸದ ಹಾಗೆ ದಿನ ಮುಂದೆ ಬರೆದ್ರೆ ಎಲ್ಲಾ ವರ್ಷದ ಒಂದನೇ ತಾರೀಖುಗಳೂ ಒಟ್ಟಿಗೆ ಬಂದು ಕೂತುಬಿಡ್ತವೆ. ವರ್ಷ ಮುಂದಿದ್ರೆ ತಾವೇ ಸಾಲಾಗಿ ನಿಲ್ತವೆ. ಮಧ್ಯೆ ಓರೆಗೆರೆ ಹಾಕೋಕೆ ಬಿಡಲ್ಲ, ಅಡ್ಡಗೆರೆ ಹಾಕಿ. ಯಾರದು ಅನ್ನೋದನ್ನ ಫೋಲ್ಡರ್ ಮೇಲೆ ಬರೆದ್ರೆ ಸಾಲದಾ ಅಂತ ಕೇಳಬಹುದು. ಸಾಲದು. ವಾಟ್ಸಾಪಲ್ಲಿ ಕಳಿಸಿದಾಗ ಫೈಲು ಒಂದೇ ಹೋಗುತ್ತೆ, ಫೋಲ್ಡರ್ ಮನೆಯಲ್ಲೇ ಉಳಿಯುತ್ತೆ.

ಹೆಸರನ್ನ ಕನ್ನಡದಲ್ಲೇ ಇಟ್ಟೆ. ಫೋನು ಲ್ಯಾಪ್‌ಟಾಪು ಎರಡೂ ತಕರಾರಿಲ್ಲದೆ ತಗೊಳ್ತವೆ. ಬಹಳ ಉದ್ದ ಮಾತ್ರ ಬೇಡ. ಫೋನಲ್ಲಿ ಒಂದು ಹೆಸರಿಗೆ 255 ಬೈಟು ಜಾಗ, ಕನ್ನಡದ ಒಂದೊಂದು ಅಕ್ಷರ, ಗುಣಿತದ ಒಂದೊಂದು ಚಿಹ್ನೆ ಮೂರು ಮೂರು ಬೈಟು ತಿನ್ನುತ್ತೆ. ಅಂದ್ರೆ 80 ದಾಟೋ ಹಾಗಿಲ್ಲ. ಅಷ್ಟು ಯಾರಿಗೆ ಬೇಕು! ಕೆಲವು ಅರ್ಜಿ ಹಾಕೋ ಜಾಗಗಳಲ್ಲಿ ಕನ್ನಡ ಹೆಸರಿನ ಫೈಲು ಏರಲ್ಲ. ಅದಕ್ಕೆ ಅಂತ ಒಂದು ನಕಲು ಮಾಡಿ ಇಂಗ್ಲಿಷಲ್ಲಿ ಚಿಕ್ಕ ಹೆಸರು ಕೊಟ್ಟು ಏರಿಸೋದು, ಆಮೇಲೆ ಆ ನಕಲನ್ನ ಅಳಿಸೋದು. ನಾನು ಕನ್ನಡ ಅಂತ ಹಟ ಹಿಡಿದಿದ್ದು ನಮ್ಮತ್ತೆಗೋಸ್ಕರ. ಅವರು ಕನ್ನಡ ಚೆನ್ನಾಗಿ ಓದ್ತಾರೆ, ದಿನಾ ಪೇಪರು ಮೊದಲಿಂದ ಕೊನೇ ತನಕ. ಇಂಗ್ಲಿಷ್ ಬರಲ್ಲ.

ಕಷ್ಟ ಇರೋದು ತಾರೀಖಲ್ಲಿ. ಒಂದು ಕಾಗದದಲ್ಲಿ ನಾಲ್ಕು ತಾರೀಖಿರುತ್ತೆ, ಯಾವುದನ್ನ ತಗೋಬೇಕು? ರಕ್ತ ಪರೀಕ್ಷೆ ಅಂದ್ರೆ ರಕ್ತ ಕೊಟ್ಟ ದಿನ. ರಿಪೋರ್ಟು ಬಂದ ದಿನ ಅಲ್ಲ, ಪ್ರಿಂಟ್ ತೆಗೆದ ದಿನವಂತೂ ಅಲ್ಲವೇ ಅಲ್ಲ. ಮನೆ ತೆರಿಗೆ ಅಂದ್ರೆ ಕಟ್ಟಿದ ದಿನ ಮುಂದೆ, ಆದ್ರೆ ಯಾವ ವರ್ಷದ್ದು ಅನ್ನೋದು ಹೆಸರಲ್ಲಿ ಇರಲೇಬೇಕು. ಏಪ್ರಿಲಲ್ಲಿ ಪೂರ್ತಿ ಕಟ್ಟಿದ್ರೆ ನೂರಕ್ಕೆ 5 ರಿಯಾಯಿತಿ ಅಂತ ಎಲ್ಲಾರೂ ಏಪ್ರಿಲಲ್ಲೇ ಕಟ್ತೀವಿ, ಬಾಕಿ ಉಳಿಸಿಕೊಂಡವರು ಹಿಂದಿನ ವರ್ಷದ್ದನ್ನೂ ಅದೇ ತಿಂಗಳು ಕಟ್ಟಿರ್ತಾರೆ. ಇಸಿಗೆ ಅದನ್ನ ಕೊಟ್ಟ ದಿನಕ್ಕಿಂತ ಅದು ಎಲ್ಲಿಂದ ಎಲ್ಲೀವರೆಗೆ ನೋಡಿ ಕೊಟ್ಟಿದ್ದು ಅನ್ನೋದು ಮುಖ್ಯ. ಜೊತೆಗೆ ಫಾರಂ 15 ಇದ್ರೆ ಆ ಅವಧಿಯಲ್ಲಿ ಏನೋ ನೋಂದಣಿ ಆಗಿದೆ ಅಂತ, ಫಾರಂ 16 ಇದ್ರೆ ಏನೂ ಇಲ್ಲ ಅಂತ. ನಾನು ಆ 15, 16ನ್ನೂ ಹೆಸರಿಗೆ ಸೇರಿಸಿದೆ.

ಆಫೀಸಿನ ಹೆಸರು ಹಾಕೋ ಗೋಜಿಗೆ ಹೋಗಬೇಡಿ. ಅವರೇ ನಿಲ್ಲಲ್ಲ. ನಮ್ಮ ಹಳೇ ಕಂದಾಯದ ರಸೀದಿ ಮೇಲೆ ಬೆಂಗಳೂರು ಮಹಾನಗರ ಪಾಲಿಕೆ. 2007ರಿಂದ ಹೆಸರಿನ ಮುಂದೆ ಒಂದು ಬೃಹತ್ ಸೇರಿಕೊಂಡಿತು. 2025ರ ಸೆಪ್ಟೆಂಬರಿಂದ ಗ್ರೇಟರ್ ಬೆಂಗಳೂರು ಅಂತ ಆಗಿ ಐದು ಪಾಲಿಕೆ. ಕರೆಂಟಿನವರು ಕೆಇಬಿ ಇದ್ದವರು 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಬೆಸ್ಕಾಂ. ನಮ್ಮತ್ತೆ ಬಾಯಲ್ಲಿ ಇವತ್ತಿಗೂ ‘ಕೆಇಬಿ ಬಿಲ್ಲು’. ‘ಮನೆ ತೆರಿಗೆ’, ‘ಕರೆಂಟ್’, ‘ನೀರು’ ಅಂತ ಬರೆದ್ರೆ ಯಾವ ಸರ್ಕಾರ ಬಂದ್ರೂ ಬದಲಾಗಲ್ಲ. ಬಡಾವಣೆ ಹೆಸರೂ ಹಾಗೇ ಬೇಡ. ಒಂದೇ ಮನೆ, ಕೆಲವು ಕಾಗದದಲ್ಲಿ ತಿಲಕ್ ನಗರ, ಕೆಲವದರಲ್ಲಿ ಜಯನಗರ. ಇಂಗ್ಲಿಷಲ್ಲಿ ಒಬ್ಬರು ‘ಟಿ’ ಆದಮೇಲೆ ‘ಎಚ್’ ಹಾಕಿದ್ದಾರೆ, ಒಬ್ಬರು ಇಲ್ಲ, ಒಬ್ಬರು ಎರಡು ಪದ, ಒಬ್ಬರು ಒಂದೇ. ಇದನ್ನ ನಂಬಿ ಹುಡುಕಿದ್ರೆ ಅರ್ಧ ಸಿಗಲ್ಲ.

ಬೀಗ ಹಾಕಿರೋ ಫೈಲುಗಳದ್ದು ಒಂದು ಮಾತು. ಇ-ಆಧಾರಿಗೆ ಪಾಸ್‌ವರ್ಡು ಅವರ ಹೆಸರಿನ ಇಂಗ್ಲಿಷಿನ ಮೊದಲ ನಾಲ್ಕು ದೊಡ್ಡಕ್ಷರ, ಹುಟ್ಟಿದ ವರ್ಷ. ಅದನ್ನ ಫೈಲಿನ ಹೆಸರಲ್ಲೇ ಬರೆದಿಡೋ ಜಾಣರೂ ಇದ್ದಾರೆ, ಬೀಗಕ್ಕೆ ಕೀಲಿ ನೇತುಹಾಕಿದಂಗೆ. ಬೇಡ.

ಅತ್ತೆಗೆ ಎದೆಬಡಿತ ಏರುಪೇರು, ರಕ್ತ ತೆಳು ಮಾಡೋ ಮಾತ್ರೆ ಮೇಲಿದ್ದಾರೆ. ತಿಂಗಳಿಗೊಂದು ಸಲ ಐಎನ್‌ಆರ್ ಅಂತ ರಕ್ತ ಪರೀಕ್ಷೆ. ಅದು 2ರಿಂದ 3ರ ಒಳಗಿರಬೇಕು ಅಂತ ಡಾಕ್ಟರು ಹೇಳಿದ್ದಾರೆ, ಮೇಲೆ ಹೋದ್ರೆ ರಕ್ತಸ್ರಾವದ ಭಯ, ಕೆಳಗಿಳಿದ್ರೆ ಹೆಪ್ಪುಗಟ್ಟೋ ಭಯ. ಎಲ್ಲಾ ರಿಪೋರ್ಟೂ ‘ರಿಪೋರ್ಟ್’ ಅಂತಲೇ ಬರ್ತಿತ್ತು. ನಾನು ಹೆಸರಿಡುವಾಗ ಒಳಗಿನ ಅಂಕಿಯನ್ನೂ ಸೇರಿಸಿದೆ. ‘2024-06-11 ಅತ್ತೆ ಐಎನ್‌ಆರ್ 2.6’. ‘2024-07-09 ಅತ್ತೆ ಐಎನ್‌ಆರ್ 3.4’. ಈಗ ಫೈಲು ತೆಗೆಯೋದೇ ಬೇಡ, ಹೆಸರುಗಳ ಸಾಲು ನೋಡಿದ್ರೆ ಯಾವ ತಿಂಗಳು ಏರಿದೆ, ಯಾವಾಗ ಇಳಿದಿದೆ ಅಂತ ಕಾಣುತ್ತೆ. ಡಾಕ್ಟರಿಗೆ ಫೋನು ಹಾಗೇ ತಿರುಗಿಸಿ ತೋರಿಸಿದೆ. ಅವರು ಬೆರಳಲ್ಲಿ ಮೇಲಿಂದ ಕೆಳಗೆ ಎಳೆದು ನೋಡಿ, ‘ಪ್ರತಿ ಮಳೆಗಾಲದಲ್ಲೂ ಏರ್ತಿದೆಯಲ್ಲ, ಆಗ ಊಟದಲ್ಲಿ ಏನು ಬದಲಾವಣೆ?’ ಅಂತ ಕೇಳಿದ್ರು. ಚಾತುರ್ಮಾಸ್ಯ! ಮೊದಲ ತಿಂಗಳು ಶಾಕವ್ರತ ಅಂತ ಅತ್ತೆ ಸೊಪ್ಪು ತರಕಾರಿ ಮುಟ್ಟಲ್ಲ. ಸೊಪ್ಪಿನಲ್ಲಿರೋ ಕೆ ವಿಟಮಿನ್ನು ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತೆ, ಅದು ಏಕಾಏಕಿ ನಿಂತ್ರೆ ಮಾತ್ರೆಯ ಜೋರು ಹೆಚ್ಚುತ್ತೆ ಅಂತ ಅವರು ವಿವರಿಸಿದ್ರು. ವ್ರತ ಬಿಡಿ ಅಂತ ಹೇಳಲಿಲ್ಲ. ಆ ತಿಂಗಳು ಹದಿನೈದು ದಿನಕ್ಕೊಂದು ಸಲ ಪರೀಕ್ಷೆ ಮಾಡಿಸಿ, ಮಾತ್ರೆ ನಾನು ನೋಡಿ ಹೇಳ್ತೀನಿ ಅಂದ್ರು.

ಹೆಸರಿಡಬೇಕು ಅಂದ್ರೆ ಓದಲೇಬೇಕು ನೋಡಿ. ಇಷ್ಟು ವರ್ಷ ಮನೆಯಲ್ಲಿದ್ದ ಕಾಗದಗಳನ್ನ ನಾನು ಒಳಹೊಕ್ಕು ಓದಿದ್ದು ಇದೇ ಮೊದಲು. ನಮ್ಮ ಮನೆಯವರ ವಿಮೆ ಪಾಲಿಸಿ, ಮದುವೆಗೆ ಮುಂಚೆ ಮಾಡಿಸಿದ್ದು, ನಾಮಿನಿ ಜಾಗದಲ್ಲಿ ಮಾವನ ಹೆಸರು. ಮಾವ ಹೋಗಿದ್ದು 2021ರಲ್ಲಿ. ಆ ವಾರವೇ ಫಾರಂ ತುಂಬಿ ಬದಲಾಯಿಸಿದ್ವಿ. ಅತ್ತೆಯ ಹೆಸರು ಪಿಂಚಣಿ ಪುಸ್ತಕದಲ್ಲಿ ಕೊನೆಗೆ ‘ಅಮ್ಮ’ ಸೇರಿಸಿ ಇದೆ, ಆಧಾರಲ್ಲಿ ‘ಅಮ್ಮ’ ಇಲ್ಲ, ರೇಷನ್ ಕಾರ್ಡಲ್ಲಿ ಇನಿಷಿಯಲ್ಲೇ ಬೇರೆ. ಹಾಗಿರೋ ಕಡೆಯೆಲ್ಲ ಫೈಲಿನ ಹೆಸರಲ್ಲೇ ‘ಅಮ್ಮ ಇದೆ’, ‘ಅಮ್ಮ ಇಲ್ಲ’ ಅಂತ ಗುರುತು ಹಾಕಿದೆ. ನಗು ಬಂದ್ರೂ ಅರ್ಜಿ ಹಾಕುವಾಗ ಅದೇ ಉಪಯೋಗಕ್ಕೆ ಬಂತು.

ಇನ್ನು ಮನೆಯದ್ದು. ಕ್ರಯಪತ್ರ 1984, ಮಾವ. ಖಾತಾ ಪ್ರಮಾಣಪತ್ರ 1991, ಮಾವ. ಖಾತಾ ನಕಲು, ಅದು ಬೇರೆ ಕಾಗದ, ಅದೂ ಮಾವ. ತೆರಿಗೆ ರಸೀದಿ ವರ್ಷ ವರ್ಷದ್ದೂ ಮಾವ. ಅವರು ಹೋದ ಮೇಲೆ ನಮ್ಮ ಮನೆಯವರು ಕಟ್ಟಿದ್ದೂ ಮಾವನ ಹೆಸರಲ್ಲೇ. ಕರೆಂಟು ಮಾವ, ನೀರು ಮಾವ. ಗೃಹಜ್ಯೋತಿಯ ಸೊನ್ನೆ ಬಿಲ್ಲಿನ ಮೇಲೂ ಅವರೇ. ನಾನು ‘ಮಾವ’, ‘ಮಾವ’ ಅಂತ ಟೈಪ್ ಮಾಡಿ ಮಾಡಿ ಫೋನಿಗೇ ಅಭ್ಯಾಸ ಆಗಿ, ‘ಮ’ ಒತ್ತಿದ್ರೆ ತಾನೇ ‘ಮಾವ’ ಅಂತ ಕೊಡೋದು.

ಮುಗಿದ ದಿನ ಅತ್ತೆ ಪಕ್ಕದಲ್ಲಿ ಕೂತು ಫೋನು ಇಸ್ಕೊಂಡ್ರು. ಕನ್ನಡದಲ್ಲಿದೆಯಲ್ಲ, ಓದ್ಕೊಂಡು ಹೋದ್ರು, ಒಂದೊಂದೇ ಸಾಲು. ಮನೆ ಫೋಲ್ಡರ್ ಪೂರ್ತಿ ಓದಿದ್ರು. ಆಮೇಲೆ ತಮ್ಮ ಹೆಸರಿನ ಫೋಲ್ಡರ್ ತೆಗೆಸಿದ್ರು. ಆಧಾರು, ಪಿಂಚಣಿ, ರೇಷನ್ ಕಾರ್ಡು, ಅದರ ಕೆಳಗೆ 31 ರಕ್ತ ಪರೀಕ್ಷೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಹೆಸರಿಗೆ ಬರೀ ರಕ್ತನೇ ಏನೇ?’ ಅಂದ್ರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕೋಪ ಇರಲಿಲ್ಲ ಅವರ ದನಿಯಲ್ಲಿ, ಅಂಗಡಿ ಲೆಕ್ಕ ಕೇಳಿದ ಹಾಗಿತ್ತು.

ಅಲ್ಲೀತನಕ ಮನೆಯಲ್ಲಿ ನಡೆದಿದ್ದ ಮಾತು ಏನಪ್ಪಾ ಅಂದ್ರೆ, ಇ-ಖಾತಾ ಹೇಗೂ ಮಾಡಿಸ್ತೀವಿ, ದೊಡ್ಡ ಮಗನ ಹೆಸರಿಗೆ ಮಾಡಿಸಿಬಿಡೋಣ, ಓಡಾಟ ಕಮ್ಮಿ. ದೊಡ್ಡ ಮಗ ಅಂದ್ರೆ ನಮ್ಮವರೇ. ಮೈದುನ ದೂರದಲ್ಲಿದ್ದಾನೆ, ಅವನೂ ಸರಿ ಅಂದಿದ್ದ. ನಾದಿನಿ ಏನೂ ಅಂದಿರಲಿಲ್ಲ, ಅವಳನ್ನ ಯಾರೂ ಕೇಳಿರಲಿಲ್ಲ ಕೂಡ. ಅತ್ತೆಯನ್ನ ಕೇಳೋದು ಅನ್ನೋ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಮಾವ ಸ್ವಂತ ದುಡಿಮೆಯಲ್ಲಿ ತಗೊಂಡ ಜಾಗ, ಉಯಿಲು ಬರೆದಿಲ್ಲ. ಹಾಗಿದ್ದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮಪಾಲು. ನಮ್ಮಲ್ಲಿ ಅತ್ತೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ನಾಲ್ಕರಲ್ಲಿ ಒಂದು ಪಾಲು ಅತ್ತೆಯದ್ದು, ಅದು ಯಾರೂ ಕೊಡೋದಲ್ಲ, ಮಾವ ಕಣ್ಣು ಮುಚ್ಚಿದ ದಿನವೇ ಬಂದಿದ್ದು. ಖಾತೆ ಅನ್ನೋದು ತೆರಿಗೆ ಕಟ್ಟೋ ಲೆಕ್ಕ ಅಷ್ಟೇ, ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕರಾಗಲ್ಲ, ಬರದಿದ್ರೆ ಹಕ್ಕು ಹೋಗೋದೂ ಇಲ್ಲ. ಆದ್ರೆ ಮುಂದೆ ಮನೆ ಮಾರಬೇಕು, ಸಾಲ ತಗೋಬೇಕು ಅಂದಾಗ ಬಂದವರು ಮೊದಲು ಕೇಳೋದು ಆ ಕಾಗದವನ್ನೇ. ಅದರಲ್ಲಿ ಇರೋರನ್ನೇ ಮಾತಾಡಿಸ್ತಾರೆ.

ಆ ರಾತ್ರಿ ನಾನು ಊಟಕ್ಕೆ ಬಡಿಸುವಾಗ ಅತ್ತೆ ಕೇಳಿದ್ದನ್ನ ಕೇಳಿದ ಹಾಗೇ ಹೇಳಿದೆ, ಒಂದು ಮಾತೂ ಸೇರಿಸಲಿಲ್ಲ. ನಮ್ಮವರು ಅನ್ನ ಕಲಸೋದು ನಿಲ್ಲಿಸಿದ್ರು. ಮಾರನೇ ದಿನ ತಂಗಿಗೆ ಅವರೇ ಫೋನು ಮಾಡಿದ್ರು.

ಈಗ ನಾಲ್ಕೂ ಜನರ ಹೆಸರಲ್ಲಿ ಜಂಟಿ ಖಾತೆಗೆ ಅರ್ಜಿ ಹೋಗಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಫಿಡವಿಟ್ಟು ಎಲ್ಲಾ ಜೊತೆಗೆ. ಒಂದೊಂದು ಕಾಗದ ಕೇಳಿದಾಗಲೂ ಅರ್ಧ ನಿಮಿಷದಲ್ಲಿ ತೆಗೆದುಕೊಟ್ಟೆ. ಖಾತೆ ಇನ್ನೂ ಬಂದಿಲ್ಲ. ಬಂದಾಗ ಅದರ ಹೆಸರಲ್ಲಿ ಅತ್ತೆಯನ್ನ ಮೊದಲು ಬರೀತೀನಿ.

ಇನ್ನೊಂದು ವಿಷಯ ಆಯ್ತು. ಅರ್ಜಿ ಹಾಕಿದ ವಾರ ಅತ್ತೆ ತಮ್ಮ ಟ್ರಂಕಿನಿಂದ ಒಂದು ನೋಟ್‌ಬುಕ್ಕು ತಂದುಕೊಟ್ಟು ‘ಇದನ್ನೂ ಹಾಕು’ ಅಂದ್ರು. ಅವರದೇ ಅಕ್ಷರ. 1988ರಲ್ಲಿ ಈ ಮನೆ ಮೋಲ್ಡ್ ಹಾಕಿಸುವಾಗಿನ ಲೆಕ್ಕ. ಸಿಮೆಂಟು ಇಷ್ಟು ಮೂಟೆ, ಕಬ್ಬಿಣ ಇಷ್ಟು, ಗಾರೆಯವರ ಕೂಲಿ, ಅವರಿಗೆ ಕೊಟ್ಟ ಕಾಫಿ ತಿಂಡಿ ಕೂಡ. ಎದುರು ಪುಟದಲ್ಲಿ ದುಡ್ಡು ಎಲ್ಲಿಂದ ಬಂತು ಅಂತ. ಚೀಟಿ ಎತ್ತಿದ್ದು, ನಾಲ್ಕು ಬಳೆ, ಅವರ ತಾಯಿ ಕೊಟ್ಟಿದ್ದ ಸರ. ಬಿಡಿಸಿಕೊಂಡಿದ್ದಕ್ಕೆ ಗುರುತು ಬಳೆಗಳ ಮುಂದೆ ಇದೆ, ಸರದ ಮುಂದೆ ಇಲ್ಲ.

ಹದಿನಾಲ್ಕು ಪುಟ. ಬಿಸಿಲಿಗೆ ಹಿಡಿದು ಫೋನಲ್ಲೇ ಒಂದೊಂದೇ ಸ್ಕ್ಯಾನ್ ಮಾಡಿ ಒಂದು ಪಿಡಿಎಫ್ ಮಾಡಿದೆ. ಫೋನು ತಾನೇ ಇಟ್ಟಿದ್ದ ಹೆಸರು ‘ಸ್ಕ್ಯಾನ್’, ಜೊತೆಗೆ ಆವತ್ತಿನ ತಾರೀಖು. ಇದಕ್ಕೆ ಯಾವ ಸೀಲೂ ಇಲ್ಲ, ಯಾವ ಆಫೀಸಲ್ಲೂ ಕೇಳಲ್ಲ ಅಂತ ನಮ್ಮವರು ಹೇಳಿದ್ರು. ಅದು ನನಗೂ ಗೊತ್ತು. ‘1988-02-14 ಅತ್ತೆ ಮೋಲ್ಡ್ ಲೆಕ್ಕ ಚೀಟಿ ಬಳೆ ಸರ’ ಅಂತ ಬರೆದು ಮನೆ ಫೋಲ್ಡರಿಗೆ ಹಾಕಿದೆ. ವರ್ಷ ಮುಂದಿರೋದ್ರಿಂದ ಅದು ತಾನಾಗೇ ಹೋಗಿ ಕ್ರಯಪತ್ರದ ಕೆಳಗೆ, ಖಾತಾ ಪ್ರಮಾಣಪತ್ರದ ಮೇಲೆ ಕೂತಿದೆ.

ನಮ್ಮ ಬೀದಿಯವರು ಮೂರು ಜನ ‘ನಮಗೂ ಹೇಳಿಕೊಡಿ’ ಅಂದಿದ್ದಾರೆ. ಶನಿವಾರ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಫೋನು ಪೂರ್ತಿ ಚಾರ್ಜ್ ಮಾಡ್ಕೊಂಡು. ಫೈಲ್ಸ್ ಅನ್ನೋ ಆ್ಯಪ್ ಹುಡುಕಿ ಇಟ್ಟುಕೊಂಡಿರಿ, ಒಂದು ಫೈಲನ್ನ ಒತ್ತಿ ಹಿಡಿದ್ರೆ ಮೂಲೆಯಲ್ಲಿ ಮೂರು ಚುಕ್ಕೆ ಬರುತ್ತೆ, ಅದರೊಳಗೆ ಹೆಸರು ಬದಲಿಸೋ ಜಾಗ. ಓದೋ ಕನ್ನಡಕ ಮರೀಬೇಡಿ.